ಅಕ್ಕನ ಮದುವೆಗೆ ಗೆಳೆಯನನ್ನು ಕರೆಯುವ ಪತ್ರ

ಕಟ್ಟೆಯ ಮೇಲೆ ಕೌದಿ ಒಣಹಾಕಿದ್ದರೆ ನಾನು ಆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಕೌದಿ ಇದೆ ಎಂದರೆ ಮನೆಯ ಮಗಳನ್ನು ನೋಡಲು ವರನ ಕಡೆಯವರು ಬಂದಿದ್ದಾರೆ ಎಂದು ಅರ್ಥ. ಆಗ ನಾನು ಯಾರೋ ದಾರಿಹೋಕಳಂತೆ ಮುಂದೆ ನಡೆದು, ಲಕ್ಷ್ಮೇಶ್ವರದ ಬಸ್ ನಿಲ್ದಾಣಕ್ಕೆ ಮರಳಿ, ಬೆಟಗೇರಿಯ ನನ್ನ ಮನೆಗೆ ವಾಪಸಾಗಬೇಕು. ಮುಳಗುಂದದ ರಸ್ತೆಯಲ್ಲಿ ಅಷ್ಟು ಹೊತ್ತು ಕುಲುಕಿಸಿಕೊಂಡು ಬಂದವಳಿಗೆ ಒಂದು ಕೌದಿ ಕಂಡರೆ ಎಷ್ಟು ಸಿಟ್ಟು ಬರುತ್ತದೆಂದು ನೀವೇ ಯೋಚಿಸಿ. ಒಂದೆರಡು ಸಲ ಅದನ್ನು ಎಳೆದು ಗಟಾರಕ್ಕೆ ಒಗೆಯಬೇಕೆನ್ನಿಸಿದ್ದೂ ಉಂಟು.

ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವುದು ನನ್ನ ಕೆಲಸ. ಆ ವರ್ಷ ಶಿರಹಟ್ಟಿ, ಲಕ್ಷ್ಮೇಶ್ವರದ ಮಕ್ಕಳು ನನ್ನ ಪಾಲಿಗೆ ಬಂದಿದ್ದರು. ಈ ಮನೆಯ ಹುಡುಗ ಹತ್ತನೇ ತರಗತಿ. ಹೆಸರು ಶಾಲೆಯ ಹಾಜರಿಯಲ್ಲಿ, ದೇಹ ಗಾಲಿಕುರ್ಚಿಯಲ್ಲಿ. ಮೈಯ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತ ಹೋಗುವ ಕಾಯಿಲೆ. ನಾಲ್ಕನೇ ತರಗತಿಯವರೆಗೆ ನಡೆಯುತ್ತಿದ್ದನಂತೆ. ನಾನು ನೋಡುವ ಹೊತ್ತಿಗೆ ಬೆರಳುಗಳು ಅಲುಗುತ್ತಿದ್ದವು, ಪೆನ್ನು ಹಿಡಿಯುವಷ್ಟು ಕಸುವಿರಲಿಲ್ಲ, ಭುಜದಿಂದ ಕೈ ಎತ್ತಲು ಆಗುತ್ತಿರಲಿಲ್ಲ. ಬಾಯಿ ಮಾತ್ರ ಮೂರು ಜನರಿಗಾಗುವಷ್ಟಿತ್ತು.

ಅವನನ್ನು ತೊಳೆದು ಬಳಿದು, ಉಣ್ಣಿಸಿ, ಎತ್ತಿ ಕೂರಿಸುವವಳು ಅಕ್ಕ. ಪದವಿ ಮುಗಿಸಿ ಮನೆಯಲ್ಲಿದ್ದಳು. ಅವಳಿಗೇ ವರ ಹುಡುಕುತ್ತಿದ್ದದ್ದು. ಇಂಥ ಕಾಯಿಲೆ ಹೆಣ್ಣಿನ ಕಡೆಯಿಂದ ಇಳಿಯುತ್ತದೆ ಎಂದು ಯಾರೋ ಊರಲ್ಲಿ ಹೇಳಿಬಿಟ್ಟಿದ್ದರು. ಅಕ್ಕ ತಾನಾಗಿಯೇ ಹುಬ್ಬಳ್ಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಳು. ನಿನಗೇನೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಊರ ಬಾಯಿಗೆ ಡಾಕ್ಟರ ವರದಿ ಓದಲು ಬರುವುದಿಲ್ಲವಲ್ಲ. ಎರಡು ಸಂಬಂಧಗಳು ಮುರಿದ ಮೇಲೆ ಅಪ್ಪ, ಮೆಣಸಿನಕಾಯಿ ಅಡತಿ ವ್ಯಾಪಾರದ ಸಾಹುಕಾರರು, ಒಂದು ತೀರ್ಮಾನಕ್ಕೆ ಬಂದರು. ವರನ ಕಡೆಯವರು ಬಂದಾಗ ಹುಡುಗ ಕಾಣಬಾರದು. ಮಕ್ಕಳೆಷ್ಟು ಎಂದು ಕೇಳಿದರೆ ಒಬ್ಬಳೇ ಮಗಳು.

ನಾನು ಮೊದಲ ದಿನವೇ ಅವರ ಮುಖಕ್ಕೇ ಹೇಳಿದೆ, "ಸಾವುಕಾರ್ರ, ಇದು ಬರೋಬ್ಬರಿ ಅಲ್ರಿ."

"ಬಾಯಾರ, ನೀವು ಇಂಗ್ಲಿಷ್ ಕಲಸಾಕ ಬಂದೀರಿ. ಅದನ್ನ ಕಲಸ್ರಿ" ಎಂದು ಅವರು ಚಹಾ ತರಿಸಿದರು. ಚಹಾ ಚೆನ್ನಾಗಿತ್ತು. ಅದೂ ಸಿಟ್ಟು ತರಿಸಿತು.

ಪಾಠದ ಕ್ರಮ ಹೀಗಿತ್ತು. ಶಾಲೆಯಲ್ಲಿ ಕೊಟ್ಟ ಮನೆಗೆಲಸದ ಫೋಟೋ ಅಕ್ಕನ ಫೋನಿಗೆ ಬರುತ್ತದೆ. ಅವನು ಓದಿ, ಉತ್ತರವನ್ನು ಬಾಯಲ್ಲಿ ಹೇಳುತ್ತಾನೆ, ನಾನು ಬರೆಯುತ್ತೇನೆ. ಪರೀಕ್ಷೆಯಲ್ಲಿ ಇದೇ ಕೆಲಸವನ್ನು ಲಿಪಿಕಾರರು ಮಾಡುತ್ತಾರೆ. ಅವನಿಗಿಂತ ಕೆಳಗಿನ ತರಗತಿಯ ವಿದ್ಯಾರ್ಥಿಯಾಗಿರಬೇಕು, ಹೇಳಿದ್ದನ್ನಷ್ಟೇ ಬರೆಯಬೇಕು, ತನ್ನ ಬುದ್ಧಿ ಸೇರಿಸಬಾರದು. ಅಲ್ಪವಿರಾಮವನ್ನೂ, ಸಾಲು ಬಿಡುವುದನ್ನೂ ಇವನೇ ಹೇಳಬೇಕು. ಕೈಯಲ್ಲಿ ಬರೆಯುವವರಿಗೆ ಇದರ ಕಷ್ಟ ಗೊತ್ತಾಗುವುದಿಲ್ಲ. ವಾಕ್ಯದ ಅರ್ಧಕ್ಕೆ ಬಂದಾಗ ಹಿಂದಿನ ಅರ್ಧ ಕಣ್ಣ ಮುಂದೆ ಇರುವುದಿಲ್ಲ, ತಲೆಯಲ್ಲಿ ಹಿಡಿದಿರಬೇಕು. ಮೊದಮೊದಲು ಅವನು ಎರಡನೇ ಸಾಲಿಗೇ ದಾರಿ ತಪ್ಪುತ್ತಿದ್ದ. ಚಿಕ್ಕ ವಾಕ್ಯ ಕಟ್ಟು, ಒಂದು ಮುಗಿಸಿ ಉಸಿರು ತೊಗೊ, ಮುಂದಿನದಕ್ಕೆ ಹೋಗು ಎಂದು ಹೇಳಿ ಹೇಳಿ ದೀಪಾವಳಿ ಹೊತ್ತಿಗೆ ದಾರಿಗೆ ಬಂದ.

ಪಾಠ ಮುಗಿದ ಮೇಲೆ ಅವನ ಪ್ರಶ್ನೆಗಳ ಸರದಿ. ಅದು ನಾನು ಹಾಕಿದ ಕರಾರು. ಮನೆಗೆಲಸ ಪೂರ್ತಿ ಮಾಡಿದರೆ ಏನು ಬೇಕಾದರೂ ಕೇಳಬಹುದು, ನಾನು ಸುಳ್ಳು ಹೇಳುವಂತಿಲ್ಲ.

"ಟೀಚರ್, ಹಿಂದಿನ ಬೆಂಚಿನ್ಯಾಗ ಕುಂತ ಹುಡುಗ್ರು ಏನ್ ಮಾತಾಡ್ತಾರ್ರಿ?"

"ಟೀಚರ್, ನನಗ ಮೀಸಿ ದಪ್ಪ ಬರ್ತಾವೋ ಅಪ್ಪನ ಗತೆ ತೆಳ್ಳಗ ಬರ್ತಾವೋ?"

"ಅಕ್ಕನ ಮ್ಯಾಲ ಒಮ್ಮೊಮ್ಮೆ ಭಾಳ ಸಿಟ್ಟ ಬರ್ತೈತ್ರಿ. ಆಕಿ ಇಲ್ಲಾಂದ್ರ ನನಗ ನೀರ ಕುಡಿಯಾಕೂ ಆಗಂಗಿಲ್ಲ. ಆದ್ರೂ ಸಿಟ್ಟ. ಹಿಂಗ ಎಲ್ಲಾರಿಗೂ ಆಗತೈತೇನು?"

ಆಗುತ್ತದೆ, ನನಗೂ ಆಗುತ್ತಿತ್ತು ಎಂದು ಹೇಳಿದೆ. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಆ ದಿನ ಇನ್ನೊಂದು ಪ್ರಶ್ನೆ ಕೇಳುವುದನ್ನೇ ಮರೆತ.

ಡಿಸೆಂಬರಿನಲ್ಲಿ ಲಿಪಿಕಾರರನ್ನು ಗೊತ್ತು ಮಾಡಿದೆವು. ಅದೇ ಓಣಿಯ, ಒಂಬತ್ತನೇ ತರಗತಿಯ ಹುಡುಗಿ. ಅಕ್ಷರ ಮುದ್ದಾಗಿದ್ದವು, ಬಾಯಿ ಇವನಿಗಿಂತ ಒಂದು ಕೈ ಮೇಲು. ಅವಳು ಅಭ್ಯಾಸಕ್ಕೆ ಬರುವ ದಿನ ಇವನು ಅಕ್ಕನ ಕೈಲಿ ಎರಡು ಸಲ ತಲೆ ಬಾಚಿಸಿಕೊಳ್ಳುತ್ತಿದ್ದ. ಒಂದು ದಿನ ಅವಳು ಬರುವ ಮೊದಲು ತಗ್ಗಿದ ದನಿಯಲ್ಲಿ ಕೇಳಿದ, "ಟೀಚರ್, ಖರೆ ಹೇಳ್ರಿ, ನನ್ನ ಮೈ ವಾಸನಿ ಬರ್ತೈತೇನು?"

ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಮೆಣಸಿನಕಾಯಿ ಘಾಟಿನ ಮುಂದೆ ಆ ಮನೆಯಲ್ಲಿ ಬೇರೆ ಯಾವ ವಾಸನೆಗೂ ಜಾಗವಿರಲಿಲ್ಲ. ಅವಳು ಹೋದ ಮೇಲೆ ಇನ್ನೊಂದು ಪ್ರಶ್ನೆ ಬಂತು, "ಆಕಿ ನಗತಾಳಲ್ರಿ, ನನ್ನ ನೋಡಿ ನಗತಾಳೋ ನನ್ನ ಇಂಗ್ಲಿಷ್ ಕೇಳಿ ನಗತಾಳೋ?"

"ನಿನ್ನ ಇಂಗ್ಲಿಷ್ ಕೇಳಿ ಅಳಬೇಕಪ್ಪಾ, ನಗೂದಲ್ಲ" ಎಂದೆ. ಅಕ್ಕ ಅಡುಗೆಮನೆಯಿಂದಲೇ ನಕ್ಕಳು.

ಆ ತಿಂಗಳ ಮನೆಗೆಲಸದಲ್ಲಿ ಪತ್ರ ಬಂತು. ನಿಮ್ಮ ಅಕ್ಕನ ಮದುವೆಗೆ ಗೆಳೆಯನನ್ನು ಆಹ್ವಾನಿಸಿ ಪತ್ರ ಬರೆಯಿರಿ. ನಾನು ಓದುವಾಗಲೂ ಇದೇ ಇತ್ತು. ನಮ್ಮ ರಾಜ್ಯದ ಅಷ್ಟೂ ಅಕ್ಕಂದಿರ ಮದುವೆ ಹತ್ತನೇ ತರಗತಿಯಲ್ಲಿಯೇ ಆಗಿಹೋಗಿರುತ್ತದೆ. ಅವನು, "ಯಾವ ಗೆಳೆಯಾಗ ಬರೀಲ್ರಿ?" ಎಂದ. ನಾಲ್ಕನೇ ತರಗತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬನ ನೆನಪಿತ್ತು. ಅವನಿಗೇ ಬರೆ ಎಂದೆ. ಉಳಿದ ಮಕ್ಕಳು ಇಂಥ ದಿನ, ಇಂಥ ಜಾಗ, ತಪ್ಪದೆ ಬಾ ಎಂದು ಮುಗಿಸುತ್ತಾರೆ. ಇವನು ಬಿಡುವ ಆಸಾಮಿಯಲ್ಲ. ಮಂಟಪದ ಬಾಗಿಲಲ್ಲಿ ನಾನೇ ನಿಂತಿರುತ್ತೇನೆ, ಬಂದವರಿಗೆಲ್ಲ ಅತ್ತರು ಹಚ್ಚುವುದು ನನ್ನ ಕೆಲಸ, ನೀನು ಬೇಗ ಬಂದು ಪನ್ನೀರುದಾನಿ ಹಿಡಿದುಕೊಳ್ಳಬೇಕು, ಅಕ್ಕ ಅಳದಂತೆ ಇಬ್ಬರೂ ಸೇರಿ ನಗಿಸೋಣ ಎಂದು ಹೇಳಿ ಬರೆಸಿದ. ಇಂಗ್ಲಿಷಿನಲ್ಲಿ ಎರಡು ತಪ್ಪಿದ್ದವು. ತಿದ್ದಿದೆ. ಬಾಗಿಲಲ್ಲಿ ನಿಂತಿರುತ್ತೇನೆ ಎಂಬಲ್ಲಿ ಯಾವ ತಪ್ಪೂ ಇರಲಿಲ್ಲ.

ಮುಂದಿನ ಸಲ ಹೋದಾಗ ಕೌದಿ ಇರಲಿಲ್ಲ. ಪಾಠದ ನಡುವೆ ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು. ಮುಂಡರಗಿಯಿಂದ ವರನ ಕಡೆಯವರು ಹೇಳದೆ ಕೇಳದೆ ಬಂದಿದ್ದರು. ಅಕ್ಕ ಓಡಿಬಂದು ಕುರ್ಚಿಯನ್ನು ಹಿಂದಿನ ಖೋಲಿಗೆ ತಳ್ಳಿದಳು. ಅವನ ಜೊತೆ ನಾನೂ ಒಳಗೆ ಉಳಿದೆ. ಅದು ಮೆಣಸಿನಕಾಯಿ ಚೀಲ ಒಟ್ಟುವ ಖೋಲಿ. ಅವನಿಗೆ ಜೋರಾಗಿ ಕೆಮ್ಮುವ ಶಕ್ತಿ ಇಲ್ಲ, ಕೆಮ್ಮದೆ ಇರುವ ಶಕ್ತಿಯೂ ಇಲ್ಲ. ಬಾಯಿ ಮುಚ್ಚಿಕೊಳ್ಳಲು ಕೈ ಮೇಲೇಳುವುದಿಲ್ಲ. ಕಣ್ಣಲ್ಲೇ ಕೇಳಿದ. ನಾನು ನನ್ನ ಸೆರಗನ್ನು ಮಡಚಿ ಅವನ ಬಾಯಿಗೆ ಹಿಡಿದೆ. ಅವನ ಮೈ ಒಳಗೊಳಗೇ ನಡುಗುತ್ತಿತ್ತು, ಸೆರಗು ಬಿಸಿಯಾಗುತ್ತಿತ್ತು. ಆದರೂ ಒಂದು ಕೆಮ್ಮು ಹೊರಬಿತ್ತು.

"ಒಳಗ ಯಾರ ಅದಾರ್ರಿ?" ಎಂದು ಹೊರಗೆ ಒಂದು ಹೆಂಗಸಿನ ದನಿ ಕೇಳಿತು.

"ಆಳಮಗಾ ರೀ. ಚೀಲಾ ಹಚ್ಚಾಕತ್ತಾನ" ಎಂದಳು ಅವನ ತಾಯಿ.

ಮಾತು ಅವನಿಗೂ ಕೇಳಿಸಿತು. ಅವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಹೋಗುವತನಕ ನಾವು ಹಾಗೆಯೇ ಕೂತಿದ್ದೆವು. ಗಾಡಿ ಹೋದ ಮೇಲೆ ತಾಯಿ ಒಳಗೆ ಬಂದು ಅವನ ಮುಖ ನೋಡಲಾರದೆ ಚೀಲಕ್ಕೆ ಒರಗಿ ಅತ್ತಳು. ಆ ತಾಯಿಯನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಅವನು, "ಅವ್ವಾ, ಚೀಲಾ ಹಚ್ಚಿದ ಕೂಲಿ ಕೊಡಬೇಕಾಗತೈತಿ ಮತ್ತ" ಎಂದ. ಅವತ್ತು ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸಂಬಂಧ ಹೊಂದಿತು. ವರ ಮುಂಡರಗಿಯಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟುಕೊಂಡಿದ್ದ. ಎರಡೂ ಕಡೆ ಒಪ್ಪಿಗೆಯಾಗಿ ನಿಶ್ಚಯಕ್ಕೆ ದಿನ ನೋಡುತ್ತಿದ್ದರು. ಇತ್ತ ನಾನು ಪರೀಕ್ಷೆಯ ಓಡಾಟದಲ್ಲಿದ್ದೆ. ಗದಗದ ಜಿಲ್ಲಾ ಆಸ್ಪತ್ರೆಯ ಪ್ರಮಾಣಪತ್ರ, ಲಿಪಿಕಾರರಿಗೆ ಅನುಮತಿ, ಹೆಚ್ಚುವರಿ ಸಮಯ, ನೆಲಮಹಡಿಯಲ್ಲಿ ಪ್ರತ್ಯೇಕ ಕೋಣೆ. ಒಂದು ಕಾಗದಕ್ಕೆ ಸಹಿಯಾದರೆ ಇನ್ನೊಂದಕ್ಕೆ ಸಾಹೇಬರು ಊರಲ್ಲಿರುವುದಿಲ್ಲ. ಶಿರಹಟ್ಟಿಯ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ನನ್ನ ಚಪ್ಪಲಿ ಸವೆದವು. ಕೊನೆಗೆ ಎಲ್ಲವೂ ಕೈಗೆ ಬಂತು. ಆರು ವರ್ಷಗಳಿಂದ ಶಾಲೆಯ ಗೇಟು ಕಾಣದ ಹುಡುಗ ಎಲ್ಲರಂತೆ ಪರೀಕ್ಷೆಗೆ ಹೋಗುತ್ತಾನೆ. ಅವನಿಗೆ ಬೇಕಿದ್ದದ್ದೂ ಅಷ್ಟೇ. ಅಂಕಗಳ ಆಸೆ ಅವನಿಗೆ ಅಷ್ಟಿರಲಿಲ್ಲ. ಹೊರಗೆ ಎಲ್ಲ ಹುಡುಗರೂ ಸೇರಿ ಪೇಪರು ಹೇಗಿತ್ತೋ ಎಂದು ಮಾತಾಡಿಕೊಳ್ಳುತ್ತಾರಲ್ಲ, ಅಲ್ಲಿ ತಾನೂ ಇರಬೇಕು ಎನ್ನುತ್ತಿದ್ದ.

ಪರೀಕ್ಷೆಗೆ ಒಂದು ವಾರವಿದ್ದಾಗ ಸಾಹುಕಾರರು ನನ್ನನ್ನು ಕಟ್ಟೆಯ ಮೇಲೆಯೇ ತಡೆದರು.

"ಬಾಯಾರ, ಹುಡುಗ ಪರೀಕ್ಷಾಕ್ಕ ಹೋಗೂದು ಬ್ಯಾಡ."

ವರನ ಚಿಕ್ಕಪ್ಪ ಹೈಸ್ಕೂಲು ಮೇಷ್ಟ್ರು. ಪರೀಕ್ಷೆಯ ಕೆಲಸಕ್ಕೆ ಅವರನ್ನು ಇದೇ ಕೇಂದ್ರಕ್ಕೆ ಹಾಕಿದ್ದರು. ಪರೀಕ್ಷೆ ಮುಗಿಯುವತನಕ ನಿಮ್ಮ ಊರಲ್ಲೇ ಇರುತ್ತೇನೆ, ಊಟಕ್ಕೆ ಬರುತ್ತೇನೆ ಎಂದು ಅವರೇ ಫೋನು ಮಾಡಿ ಸಂತೋಷದಿಂದ ಹೇಳಿದ್ದರಂತೆ. ಪ್ರತ್ಯೇಕ ಕೋಣೆ, ಲಿಪಿಕಾರರು, ಗಾಲಿಕುರ್ಚಿ. ಹುಡುಗ ಯಾರ ಮಗ ಎಂದು ಕೇಳದೆ ಇರುತ್ತಾರೆಯೇ? ಕೇಂದ್ರ ಬದಲಿಸಲು ನಾನು ಮತ್ತೆ ಶಿರಹಟ್ಟಿಗೆ ಓಡಿದೆ. ಇಷ್ಟು ತಡವಾಗಿ ಆಗುವುದಿಲ್ಲ ಎಂದರು. ವಾಪಸು ಬಂದು ಸಾಹುಕಾರರ ಜೊತೆ ಜಗಳಕ್ಕೇ ಇಳಿದೆ.

"ನೀವು ಕಳಸಲಿಲ್ಲಾಂದ್ರ ನಾ ಮ್ಯಾಲಿನವರಿಗೆ ಬರದು ಕೊಡ್ತೀನ್ರಿ. ಪರೀಕ್ಷಾ ಬರೆಯೂದು ಅವನ ಹಕ್ಕು."

"ಕೊಡ್ರಿ" ಎಂದರು ಸಾಹುಕಾರರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇದು ಮೂರನೇ ಸಂಬಂಧ ರೀ ಬಾಯಾರ. ಇದೂ ಮುರದ್ರ ಆಕಿ ತಮ್ಮನ್ನ ಎತ್ಕೋತ ಕುಂದರಬೇಕು. ನಾನೂ ಹಡದಾಂವ ಅದೀನಿ. ಆಕಿ ತಲಿ ಮ್ಯಾಲ ಅಕ್ಕಿಕಾಳ ಒಮ್ಮೆ ಬೀಳಲಿ, ಆಮ್ಯಾಲ ಯಾರ್ ಏನ್ ಬೇಕಾದ್ರೂ ಅಂದ್ಕೊಳ್ಳಿ."

"ನಾ ಲಗ್ನ ಆಗಂಗಿಲ್ಲ. ಇಲ್ಲಾಂದ್ರ ಅವರಿಗೆ ನಾನ ಹೇಳ್ತೀನಿ, ನನಗ ತಮ್ಮ ಅದಾನಂತ" ಎಂದು ಅಕ್ಕ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಫೋನಿತ್ತು.

ಆಗ ಒಳಗಿನಿಂದ ಅವನ ದನಿ ಬಂತು. "ಟೀಚರ್, ಎಲ್ಲಾರೂ ಒಳಗ ಬರ್ರಿ. ನನಗ ಜೋರಾಗಿ ಒದರಾಕ ಆಗಂಗಿಲ್ಲ."

ಹೋದೆವು. ಅವನು ಮೊದಲು ಅಕ್ಕನಿಗೆ ಹೇಳಿದ, "ಅಕ್ಕಿಕಾಳ ಬೀಳೂತನಕ ನೀ ಏನರ ಹೇಳಿದ್ರ ನನ್ನ ಆಣಿ." ಆಮೇಲೆ ನನ್ನ ಕಡೆ ತಿರುಗಿದ. "ಪರೀಕ್ಷಾ ಎರಡ್ನೇದ್ದೂ ಇರತೈತಂತ ನೀವ ಹೇಳೀರಿ. ಮೊದಲ್ನೇದ್ದಕ್ಕ ಹೋಗದಿದ್ರೂ ಅದನ್ನ ಬರೀಬಹುದು, ಹೌದಿಲ್ಲೋ? ಪರೀಕ್ಷಾ ಮತ್ತ ಬರ್ತೈತ್ರಿ. ಈ ಮಾವ ಮತ್ತ ಬರಂಗಿಲ್ಲ."

ಮೇಲಿನವರಿಗೆ ಬರೆದುಕೊಡುವ ಮಾತನ್ನು ನಾನು ಅಲ್ಲಿಗೆ ಬಿಟ್ಟೆ. ಹದಿನಾರು ವರ್ಷದ ಹುಡುಗ ತೂಗಿ ಇಟ್ಟ ತಕ್ಕಡಿಯನ್ನು ಅಲುಗಿಸುವ ಧೈರ್ಯ ನನಗಾಗಲಿಲ್ಲ. ಸಾಹುಕಾರರನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿ, ಎರಡನೇ ಪರೀಕ್ಷೆಗೆ ನೀವೇ ಕಳಿಸಬೇಕು ಎಂದು ಮಾತು ತೆಗೆದುಕೊಂಡೆ. ಅವರು ಕೊಟ್ಟರು. ಮಗನ ಕಡೆ ನೋಡದೆ ಹೊರಗೆ ಹೋದರು. ಪರೀಕ್ಷೆಯ ದಿನಗಳಲ್ಲಿ ಆ ಚಿಕ್ಕಪ್ಪ ದಿನವೂ ಊಟಕ್ಕೆ ಬಂದು ಹೋಳಿಗೆ ತಿಂದು ಹೋದರು. ಅಷ್ಟೂ ಹೊತ್ತು ಹುಡುಗ ಹಿಂದಿನ ಖೋಲಿಯಲ್ಲಿದ್ದ.

ಮದುವೆ ಗದಗದ ಒಂದು ಮಂಟಪದಲ್ಲಿ. ಹುಡುಗನ ಜೊತೆ ಮನೆಯಲ್ಲಿರಲು ನಂಬುಗೆಯವರು ಬೇಕಾಗಿತ್ತು. ಸಾಹುಕಾರರು ಕೇಳಲು ಹಿಂಜರಿಯುತ್ತಿದ್ದರು, ನಾನೇ ಇರುತ್ತೇನೆ ಎಂದೆ. ಹಿಂದಿನ ದಿನ ಅಕ್ಕ ಹೊರಡುವ ಮೊದಲು ಹಸಿರು ಬಳೆಯ ಕೈಯಲ್ಲೇ ಅವನಿಗೆ ಊಟ ಮಾಡಿಸಿದಳು, ಬಾಯಿ ಒರೆಸಿದಳು, ಕಾಲು ನೇರ ಮಾಡಿ ದಿಂಬು ಕೊಟ್ಟಳು. ಯಾವ ದಿಂಬು ಎಲ್ಲಿಡಬೇಕು, ಎಷ್ಟು ಹೊತ್ತಿಗೆ ಮಗ್ಗುಲು ತಿರುಗಿಸಬೇಕು ಎಂದು ನನಗೆ ಹೇಳಿದ್ದನ್ನೇ ಹೇಳಿದಳು. ಆಮೇಲೆ ಅರಿಶಿನ ಹಚ್ಚಿದ ಅಕ್ಕಿಕಾಳನ್ನು ಅವನ ಅಂಗೈಗೆ ಸುರಿದು ಬೆರಳು ಮಡಚಿದಳು.

"ನಾಳೆ ಎಲ್ಲಾರೂ ಒಗಿಯೂ ಹೊತ್ತಿಗೆ ನೀನೂ ಇಲ್ಲಿಂದನ ಒಗಿ. ನನಗ ಗೊತ್ತಾಗತೈತಿ" ಎಂದಳು.

"ಹೋಗ ಹೋಗ, ಅತ್ರ ಮಾರಿ ಚಂದ ಕಾಣಂಗಿಲ್ಲ" ಎಂದು ಇವನು ಅವಳನ್ನು ಸಾಗಹಾಕಿದ.

ರಾತ್ರಿ ಅಕ್ಕಿಕಾಳನ್ನು ಬಟ್ಟಲಿಗೆ ಹಾಕಿ ದಿಂಬಿನ ಬಳಿ ಇಟ್ಟಿದ್ದೆ. ಮರುದಿನ ಹೊಸ ಅಂಗಿ ಹಾಕಿಸಿಕೊಂಡ. ಮಂಟಪಕ್ಕೆ ಹೋಗಿದ್ದ ಬರೆಯುವ ಹುಡುಗಿ, ಮೊದಲೇ ಮಾತಾಡಿಕೊಂಡಂತೆ, ಮುಹೂರ್ತದ ಹೊತ್ತಿಗೆ ನನ್ನ ಫೋನಿಗೆ ಕರೆ ಮಾಡಿ ಸುಮ್ಮನೆ ಹಿಡಿದುಕೊಂಡಳು. ಮಂಗಳವಾದ್ಯದ ಗದ್ದಲ ಕೇಳಿಸಿತು. ಅಕ್ಕಿಕಾಳನ್ನು ಅವನ ಅಂಗೈಗೆ ಹಾಕಿ ಮುಷ್ಟಿ ಮಾಡಿದೆ. "ಟೀಚರ್, ಎತ್ರಿ" ಎಂದ. ನಾನು ಅವನ ಮೊಣಕೈ ಕೆಳಗೆ ಕೈ ಕೊಟ್ಟು ತೋಳನ್ನು ಭುಜದ ಮಟ್ಟಕ್ಕೆ ಎತ್ತಿದೆ. ಬೆರಳು ಬಿಡಿಸಿದ. ಕಾಳು ಮುಂದೆ ಹೋಗಲಿಲ್ಲ, ಅವನ ತೊಡೆಯ ಮೇಲೆಯೇ ಬಿದ್ದವು. "ಮುಟ್ಟಿದ್ವೇನ್ರಿ?" ಎಂದು ಕೇಳಿದ. ಮುಟ್ಟಿದವು ಎಂದೆ. ಸುಳ್ಳು ಹೇಳುವಂತಿಲ್ಲ ಎಂಬ ಕರಾರನ್ನು ನಾನು ಮುರಿದದ್ದು ಆ ಒಂದೇ ಸಲ.

ಮದುವೆಯಾಗಿ ಮೂರ್ನಾಲ್ಕು ದಿನಕ್ಕೆ ಅಳಿಯ, ಮಗಳು ತವರಿಗೆ ಬಂದರು. ನಾನು ಪಾಠಕ್ಕೆ ಹೋಗಿದ್ದೆ. ಅಕ್ಕಿಕಾಳು ಬಿದ್ದಾಗಿತ್ತಲ್ಲ, ಆಣೆಯೂ ತೀರಿತ್ತು. ಅಕ್ಕ ಗಂಡನನ್ನು ನೇರವಾಗಿ ತಮ್ಮನ ಹತ್ತಿರವೇ ಕರೆತಂದು, "ಇವ ನನ್ನ ತಮ್ಮ" ಎಂದಳು. ಸಾಹುಕಾರರು ಕಂಬಕ್ಕೆ ಆತು ನಿಂತಿದ್ದರು. ಅಳಿಯ ಹುಡುಗನನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಮಾವನ ಕಡೆ ತಿರುಗಿದ.

"ನನ್ನ ಏನಂತ ತಿಳ್ಕೊಂಡಿದ್ರಿ ನೀವು? ಮೊದಲ ಹೇಳಿದ್ರ ಇವನ್ನ ನಾನ ಎತ್ಕೊಂಡ ಮಂಟಪಕ್ಕ ಹೋಗ್ತಿದ್ದೆ."

ಅಳಿಯ ಜಗಳವಾಡಿದ್ದರೆ, ಮೋಸ ಮಾಡಿದಿರಿ ಎಂದು ಎದ್ದುಹೋಗಿದ್ದರೆ, ನಾವು ಮಾಡಿದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಆ ಕೌದಿ, ಆ ಖೋಲಿ, ನನ್ನ ಸೆರಗು, ತಪ್ಪಿಹೋದ ಪರೀಕ್ಷೆ, ಯಾವುದೂ ಬೇಕಾಗಿರಲಿಲ್ಲ. ಹುಡುಗ ಮಾತ್ರ ಮರ್ಯಾದೆಯಿಂದ, "ಮಾವ, ಚಹಾ ಕುಡೀರಿ, ಆರತೈತಿ" ಎಂದ.

ಎರಡನೇ ಪರೀಕ್ಷೆಗೆ ಅವನನ್ನು ಕರೆದೊಯ್ಯಲು ಅಳಿಯನೇ ಮುಂಡರಗಿಯಿಂದ ಬಂದ. ಇಂಗ್ಲಿಷ್ ದಿನ ಕಾರಿನಿಂದ ಅವನನ್ನು ಎರಡೂ ಕೈಯಲ್ಲಿ ಎತ್ತಿ ಕುರ್ಚಿಯಲ್ಲಿ ಕೂರಿಸಿ ಗೇಟಿನೊಳಗೆ ತಳ್ಳಿಕೊಂಡು ಹೋದ. ಎರಡನೇ ಪರೀಕ್ಷೆಗೆ ಹುಡುಗರು ಕಡಿಮೆ. ಮುಗಿದ ಮೇಲೆ ಹೊರಗೆ ನಿಂತು ಪೇಪರಿನ ಮಾತಾಡುವವರೂ ಇರಲಿಲ್ಲ, ತಲೆ ತಗ್ಗಿಸಿ ಬಸ್ಸಿಗೆ ಓಡುವವರೇ ಎಲ್ಲ. ನಾನು ಬೇವಿನಮರದ ಕೆಳಗೆ ಕಾಯುತ್ತಿದ್ದೆ. ಬರೆಯುವ ಹುಡುಗಿ ದೂರದಿಂದಲೇ ದೂರು ಹೇಳುತ್ತ ಬಂದಳು.

"ಟೀಚರ್, ಎಲ್ಲಾ ಬರಸ್ಯಾನ್ರಿ, ಪತ್ರ ಒಂದ ಬಿಟ್ಟಾನ. ಅಕ್ಕನ ಲಗ್ನದ ಪತ್ರನ ಬಂದಿತ್ರಿ! ನಮಗ ಬಾಯಿಪಾಠ ಇದ್ದದ್ದು. ಹೇಳು ಹೇಳು ಅಂತ ಕಣ್ಣಾಗ ಎಷ್ಟ ಹೇಳ್ದೆ. ಟೈಮೂ ಇತ್ತು. ಸುಮ್ನ ಕುಂತ ಬಿಟ್ಟ."

ನನಗೆ ಸಿಟ್ಟು ನೆತ್ತಿಗೇರಿತು. ಡಿಸೆಂಬರಿನಲ್ಲೇ ತಿದ್ದಿ ಕೊಟ್ಟ ಪತ್ರ, ಸುಮ್ಮನೆ ಸಿಗುವ ಅಂಕ. ಅಳಿಯ ಕಾರು ತರಲು ಹೋಗಿದ್ದ. ಕುರ್ಚಿಯ ಮುಂದೆ ಕೂತು, "ಯಾಕಲೇ ಬರಸಲಿಲ್ಲ? ಮರತಿದ್ದೇನು?" ಎಂದು ಗದರಿದೆ.

"ಮರತಿಲ್ರಿ" ಎಂದ. ಕಾರು ಬರುತ್ತಿರುವ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ, ಮಾವನಿಗೆ ಕೇಳಿಸಬಾರದೆಂದು ಇರಬೇಕು.

"ನನ್ನ ಕರೀಲಾರದ ಲಗ್ನಕ್ಕ ನಾ ಯಾರನ್ನ ಕರೀಲ್ರಿ, ಟೀಚರ್?"